ಕಿವಿ ಕೆಳಗಿನ ಗಡ್ಡೆ ಮತ್ತೆ ಬಂದಿದೆ, ಇನ್ನೊಂದು ಆಪರೇಷನ್ ಮಾಡಿಸಬೇಕಾ?

ತಾಯಿಗೆ 12 ವರ್ಷದ ಹಿಂದೆ ಕಿವಿ ಕೆಳಗಿನ ಗಡ್ಡೆ ತೆಗೆಸಿದ್ದೀರಿ, ಪ್ಲಿಯೊಮಾರ್ಫಿಕ್ ಅಡಿನೋಮಾ (ಜೊಲ್ಲು ಗ್ರಂಥಿಯಲ್ಲಿ ಬರುವ, ಕ್ಯಾನ್ಸರ್ ಅಲ್ಲದ ಗಡ್ಡೆ) ಅಂತ ರಿಪೋರ್ಟ್ ಬಂದಿತ್ತು. ಈಗ ಅದೇ ಜಾಗದಲ್ಲಿ ಗಂಟುಗಳಿವೆ, ಮತ್ತೆ ಕೊಯ್ದರೆ ಬಾಯಿ ಸೊಟ್ಟ ಆಗುತ್ತಾ ಅಂತ ನಿಮ್ಮ ಪ್ರಶ್ನೆ. ನಾನು ಇಎನ್‌ಟಿ ಸರ್ಜನ್. ಆಗುವ ಸಾಧ್ಯತೆ ಮೊದಲ ಸಲಕ್ಕಿಂತ ಜಾಸ್ತಿ, ಅದನ್ನು ಮುಚ್ಚಿಡುವುದಿಲ್ಲ.

ಈ ಗಡ್ಡೆಯ ಹೊರಪದರ ಕೆಲವು ಕಡೆ ತೀರಾ ತೆಳು, ಅಲ್ಲಲ್ಲಿ ಗಡ್ಡೆಯ ಚಿಗುರು ಹೊರಗೆ ಚಾಚಿರುತ್ತದೆ. ಬರೀ ಗಡ್ಡೆಯನ್ನು ಬಿಡಿಸಿ ತೆಗೆದರೆ ಆ ಚಿಗುರು ಒಳಗೇ ಉಳಿಯುತ್ತದೆ. ತೆಗೆಯುವಾಗ ಒಡೆದರಂತೂ ಕಣಗಳು ಸುತ್ತ ಚೆಲ್ಲುತ್ತವೆ. ಅದಕ್ಕೇ ಈಗ ಸುತ್ತಲಿನ ಪ್ಯಾರೋಟಿಡ್ ಗ್ರಂಥಿಯನ್ನೂ (ಕಿವಿ ಕೆಳಗಿನ ಜೊಲ್ಲು ಗ್ರಂಥಿ) ಸೇರಿಸಿ ತೆಗೆಯುತ್ತಾರೆ. ಉಳಿದದ್ದು ಬೆಳೆಯುವುದು ನಿಧಾನ, ಕೈಗೆ ಸಿಗುವಷ್ಟರಲ್ಲಿ ವರ್ಷಗಳೇ ಕಳೆದಿರುತ್ತವೆ.

ಮರಳಿ ಬಂದಾಗ ಸಾಮಾನ್ಯವಾಗಿ ಒಂದೇ ಗಡ್ಡೆ ಇರಲ್ಲ. ಸಾಬಕ್ಕಿ ಚೆಲ್ಲಿದ ಹಾಗೆ ಹತ್ತಾರು ಗಂಟು, ಕೆಲವು ಹಳೆಯ ಗಾಯದ ಚರ್ಮದಡಿಯಲ್ಲೇ. ಕೈಗೆ ಸಿಗುವುದು ಅರ್ಧವೂ ಅಲ್ಲ. ಹಾಗಾಗಿ ಮೊದಲು ಎಂಆರ್‌ಐ. ಸೂಜಿ ಪರೀಕ್ಷೆ ಪರವಾಗಿಲ್ಲ, ಆದರೆ ಗಂಟನ್ನು ಕೊಯ್ದು ಬಯಾಪ್ಸಿ ತೆಗೆಯಲು ಒಪ್ಪಬೇಡಿ, ಅದರಿಂದಲೂ ಕಣ ಚೆಲ್ಲುತ್ತದೆ.

ಕಷ್ಟ ಇರೋದು ನರದಲ್ಲಿ. ಕಣ್ಣು, ಬಾಯಿ ಆಡಿಸುವ ಮುಖದ ನರ ಈ ಗ್ರಂಥಿಯೊಳಗೇ ಹಾದು ಐದು ಕವಲಾಗುತ್ತದೆ. ಮೊದಲ ಸಲ ಬೆಳ್ಳಗೆ ದಾರದಂತೆ ಎದ್ದು ಕಾಣುತ್ತಿದ್ದದ್ದು, ಎರಡನೇ ಸಲ ಗಾಯದ ಗಟ್ಟಿ ಅಂಗಾಂಶದಲ್ಲಿ ಅಂಟಿಕೊಂಡು ಬಣ್ಣವೂ ಗೊತ್ತಾಗಲ್ಲ. ನರ ಎಲ್ಲಿದೆ ಅಂತ ತಿಳಿಸುವ ನರ್ವ್ ಮಾನಿಟರ್ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ಬಿಡಿಸಬೇಕು. ಕೆಲವು ತಿಂಗಳ ಬಲಹೀನತೆ ಸಾಮಾನ್ಯ, ಕೆಲವರಿಗೆ ಶಾಶ್ವತ. ನರ ಚೆನ್ನಾಗಿ ಕೆಲಸ ಮಾಡುತ್ತಿದ್ದರೆ, ಕ್ಯಾನ್ಸರ್ ಅಲ್ಲದ ಗಂಟಿಗಾಗಿ ಅದನ್ನು ಬಲಿ ಕೊಡಲು ನಾನಂತೂ ಮನಸ್ಸು ಮಾಡಲ್ಲ. ಅಂಟಿಕೊಂಡ ಚೂರು ಉಳಿದರೆ, ಗಂಟು ತುಂಬಾ ಇದ್ದರೆ ರೇಡಿಯೇಷನ್ ಯೋಚಿಸುವುದುಂಟು. ಚಿಕ್ಕ ವಯಸ್ಸಿನವರಿಗೆ ಅದಕ್ಕೂ ಹಿಂಜರಿಕೆ ಇದೆ.

ಪ್ಯಾರೋಟಿಡ್ ಗ್ರಂಥಿಯನ್ನು ಎರಡನೇ ಸಲ ಬಿಡಿಸಿ ರೂಢಿ ಇರುವವರನ್ನೇ ಹುಡುಕಿ. "ಇಂಥವನ್ನು ನೀವು ಎಷ್ಟು ಮಾಡಿದ್ದೀರಿ?" ಅಂತ ಕೇಳೋಕೆ ಸಂಕೋಚ ಬೇಡ. ಮೊದಲ ಆಪರೇಷನ್ ನೋಟ್ಸ್, ಹಿಸ್ಟೋಪೆಥಾಲಜಿ ಸ್ಲೈಡ್ (ತೆಗೆದ ಗಡ್ಡೆಯನ್ನು ಪರೀಕ್ಷಿಸಿದ ಗಾಜಿನ ತುಂಡು) ಸಿಕ್ಕರೆ ಒಯ್ಯಿರಿ, ಬರೀ ಡಿಸ್ಚಾರ್ಜ್ ಶೀಟ್ ಸಾಲದು.

ತಾಯಿಯ ವಯಸ್ಸು ಬರೆದಿಲ್ಲ. ತುಂಬಾ ವಯಸ್ಸಾಗಿದ್ದು ಗಂಟು ಬೆಳೆಯದಿದ್ದರೆ ಆಗಾಗ ಸ್ಕ್ಯಾನ್ ಮಾಡಿಸುತ್ತಾ ಕಾಯುವುದೂ ಒಂದು ದಾರಿ. ಆದರೆ ಗಂಟು ದಿಢೀರ್ ಊದಿದರೆ, ನೋವು ಬಂದರೆ, ಆ ಕಡೆಯ ಕಣ್ಣು ಮುಚ್ಚಲು ಆಗದಿದ್ದರೆ ಕಾಯಬೇಡಿ. ಹಳೆಯ ಅಡಿನೋಮಾ ಅಪರೂಪಕ್ಕೆ ಕ್ಯಾನ್ಸರ್ ಆಗಿ ತಿರುಗುವುದುಂಟು, ಆಗ ಚಿಕಿತ್ಸೆಯೇ ಬೇರೆ.