ಉಪ್ಪು ‘ವ್ಯಾಪಿಸುವುದಿಲ್ಲ’, ಹಿಡಿಯುತ್ತದೆ

ಪ್ರಶ್ನೆ: ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವ ಕೆಲಸಕ್ಕೆ ಈಚೆಗೆ ಸೇರಿದ್ದೇನೆ. ‘ಪರ್ಮಿಯೇಟ್’ ಎಂಬ ಕ್ರಿಯಾಪದ ಪದೇ ಪದೇ ಎದುರಾಗುತ್ತದೆ. ನಿಘಂಟು ನೋಡಿ ಎಲ್ಲ ಕಡೆ ‘ವ್ಯಾಪಿಸು’ ಎಂದು ಹಾಕುತ್ತಿದ್ದೆ. ಒಂದು ಅಡುಗೆ ಬರಹದಲ್ಲಿ ‘ಮಸಾಲೆ ಹೋಳುಗಳೊಳಗೆ ವ್ಯಾಪಿಸಲು ಅರ್ಧ ಗಂಟೆ ಬಿಡಿ’ ಎಂದು ಬರೆದಿದ್ದಕ್ಕೆ ಆಫೀಸಿನಲ್ಲಿ ಎಲ್ಲರೂ ನಕ್ಕರು. ತಪ್ಪೇನು? ‘ಹರಡು’ ಅಂದರೆ ಸರಿಯಾ? ‘ಪರ್ವೇಡ್’ ಕೂಡ ಇದೇನಾ?

ಉತ್ತರ: ನಕ್ಕವರ ಮೇಲೆ ಬೇಜಾರು ಬೇಡ. ನಿಘಂಟಿನ ತಪ್ಪೂ ಅಲ್ಲ. ‘ವ್ಯಾಪಿಸು’ ಅರ್ಥದಲ್ಲಿ ಸರಿಯೇ ಇದೆ, ಆದರೆ ಅಡುಗೆಮನೆಯಲ್ಲಿ ಯಾರೂ ಆ ಮಾತು ಆಡುವುದಿಲ್ಲ, ಅಷ್ಟೆ.

ಮೊದಲು ಇಂಗ್ಲಿಷ್ ಪದ ನೋಡೋಣ. ಲ್ಯಾಟಿನ್ನಿನಲ್ಲಿ ‘ಪೆರ್’ ಅಂದರೆ ಮೂಲಕ, ‘ಮೆಯಾರೆ’ ಅಂದರೆ ಹಾದುಹೋಗು. ಅಂದರೆ ಒಂದು ವಸ್ತುವಿನ ಸಣ್ಣ ಸಣ್ಣ ಸಂದುಗಳಲ್ಲಿ ನುಗ್ಗಿ ಇನ್ನೊಂದು ಅದರ ತುಂಬ ಸೇರಿಕೊಳ್ಳುವುದು. ಮನೆಯ ಆರ್‌ಓ ಯಂತ್ರದಲ್ಲಿ ಪೊರೆ ದಾಟಿ ಬರುವ ಶುದ್ಧ ನೀರಿಗೂ ತಂತ್ರಜ್ಞರು ‘ಪರ್ಮಿಯೇಟ್’ ಎಂದೇ ಹೇಳುತ್ತಾರೆ. ‘ಪರ್ವೇಡ್’ನಲ್ಲೂ ಅದೇ ‘ಪೆರ್’ ಇದೆ, ಆದರೆ ಸಂದುಗಳಲ್ಲಿ ನುಗ್ಗುವ ಚಿತ್ರ ಇಲ್ಲ. ಮೌನ, ಭಯ, ಬೇಸರ ಇಂಥವು ಒಂದು ಜಾಗವನ್ನೆಲ್ಲ ತುಂಬಿಕೊಂಡಾಗ ಅದು ಹೆಚ್ಚು ಬಳಕೆ. ಅಂಥ ಕಡೆ ನಮ್ಮ ‘ಆವರಿಸು’, ‘ಕವಿ’ ಚೆನ್ನಾಗಿ ಕೂರುತ್ತವೆ. ಇಷ್ಟು ಸಾಕು.

ಈಗ ಕನ್ನಡಕ್ಕೆ ಬರೋಣ. ಇಲ್ಲಿ ಒಂದು ಪದಕ್ಕೆ ಒಂದು ಪದ ಹುಡುಕಿದರೆ ಸಿಗುವುದಿಲ್ಲ. ಯಾವುದು ಯಾವುದರೊಳಗೆ ಹೋಗುತ್ತಿದೆ ಅಂತ ಕೇಳಿಕೊಳ್ಳಬೇಕು.

ಚಿಕ್ಕವನಿದ್ದಾಗ ನಮ್ಮ ಅಜ್ಜಿ ಮಾವಿನ ಮಿಡಿಯನ್ನು ಕಲ್ಲುಪ್ಪಿನ ಜೊತೆ ಭರಣಿಯಲ್ಲಿ ಹಾಕಿಡುತ್ತಿದ್ದರು. ಎರಡು ದಿನಕ್ಕೇ ನಾನು ಮುಚ್ಚಳ ತೆಗೆಯಲು ಹೋದರೆ, ‘ಇನ್ನೂ ಉಪ್ಪು ಹಿಡಿದಿಲ್ಲ ಕಣೋ, ಕೈ ಹಾಕಬೇಡ’ ಅನ್ನುತ್ತಿದ್ದರು. ಕೆಲವು ದಿನ ಕಳೆದರೆ ಮಿಡಿ ನೀರು ಬಿಟ್ಟು ಸುಕ್ಕುಗಟ್ಟಿರುತ್ತಿತ್ತು. ಕಚ್ಚಿದರೆ ಗೊರಟಿನ ತನಕ ಉಪ್ಪು. ‘ಪರ್ಮಿಯೇಟ್’ ಅಂದರೆ ಇದೇ ನೋಡಿ! ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಪದ ಮಾತ್ರ ಸಿದ್ಧವಿತ್ತು: ಹಿಡಿ. ಬಚ್ಚಲ ಒಲೆ ಹತ್ತಿರ ಒಣಗಿಸಿದ ಅಂಗಿಗೆ ಹೊಗೆ ವಾಸನೆ ಹಿಡಿಯುತ್ತದೆ. ತರಕಾರಿ ಹೋಳುಗಳಿಗೆ ಖಾರ ಹಿಡಿಯುತ್ತದೆ. ವಿಭಕ್ತಿ ಮಾತ್ರ ಗಮನಿಸಿ, ‘ಮಿಡಿಗೆ’ ಉಪ್ಪು ಹಿಡಿಯಬೇಕು. ‘ಮಿಡಿಯನ್ನು ಉಪ್ಪು ಹಿಡಿಯಿತು’ ಅಂದರೆ ಪೊಲೀಸರು ಕಳ್ಳನನ್ನು ಹಿಡಿದ ಹಾಗಾಗುತ್ತದೆ.

ನೀರು ಮಣ್ಣಿಗಿಳಿದರೆ ಅದಕ್ಕೆ ಬೇರೆಯದೇ ಪದ, ಇಂಗು. ಇಂಗುಗುಂಡಿ ಅನ್ನುವ ಮಾತು ಎಷ್ಟು ಸಲೀಸಾಗಿ ಬಳಕೆಗೆ ಬಂತು ನೋಡಿ, ‘ವ್ಯಾಪನಾ ಗುಂಡಿ’ ಅಂತ ಹೆಸರಿಟ್ಟಿದ್ದರೆ ರೈತರು ಅತ್ತ ತಿರುಗಿಯೂ ನೋಡುತ್ತಿರಲಿಲ್ಲ. ‘ಇಂಗು’ ಅನ್ನುವಾಗ ನೀರು ಕಣ್ಣಿಗೆ ಕಾಣದಂತೆ ಹೋಯಿತು ಅನ್ನುವುದೂ ಅದರಲ್ಲೇ ಇದೆ. ಪಲ್ಯದ ನೀರು ಇಂಗುವ ತನಕ ಬೇಯಿಸಿ ಅನ್ನುತ್ತೇವಲ್ವಾ, ಅಲ್ಲಿ ಅದು ಆವಿಯಾಗಿ ಹೋದರೂ ಅದೇ ಪದ. (ಒಗ್ಗರಣೆಯ ಇಂಗು ಬೇರೆ. ಅದರ ವಾಸನೆ ಡಬ್ಬಿಯಿಂದ ಜನ್ಮದಲ್ಲಿ ಇಂಗುವುದಿಲ್ಲ.)

ಇನ್ನು ನೀವು ಕೇಳಿದ ‘ಹರಡು’. ಅದು ಮೇಲ್ಮೈಯ ಪದ. ರಾಗಿ ಹರಡುತ್ತೇವೆ, ಹಪ್ಪಳ ಬಿಸಿಲಿಗೆ ಹರಡುತ್ತೇವೆ. ರೋಗ ಹರಡುವುದೂ ಒಬ್ಬರಿಂದ ಒಬ್ಬರಿಗೆ, ಅಗಲಕ್ಕೆ. ಒಳಕ್ಕೆ ಇಳಿಯುವ ಭಾವ ಅದರಲ್ಲಿಲ್ಲ. ‘ಮಸಾಲೆ ಹರಡಿ’ ಅಂದರೆ ಓದಿದವರು ಹೋಳಿನ ಮೇಲೆ ಸವರಿ ಸುಮ್ನಾಗುತ್ತಾರೆ.

‘ಹಬ್ಬು’ ಇದರ ಹತ್ತಿರದ ನೆಂಟ. ಹಳಗನ್ನಡದಲ್ಲಿ ‘ಪರ್ಬು’. ಹಬ್ಬುವುದಕ್ಕೆ ಮುಂದೆ ಮುಂದೆ ಸರಿಯುವ ಒಂದು ತುದಿ ಇರುತ್ತದೆ. ಬಳ್ಳಿ ಹಬ್ಬುತ್ತದೆ, ಬೆಂಕಿ ಹಬ್ಬುತ್ತದೆ, ವದಂತಿ ಹಬ್ಬುತ್ತದೆ. ‘ಸುದ್ದಿ ಹರಡಿತು’ ಅಂದರೆ ಯಾರ ಮೇಲೂ ತಪ್ಪು ಹೊರಿಸಿದಂತಲ್ಲ, ‘ಸುದ್ದಿ ಹಬ್ಬಿಸಿದ್ದಾರೆ’ ಅಂದ ಕೂಡಲೇ ಯಾರೋ ಬೇಕಂತಲೇ ಮಾಡಿದ್ದು ಅಂತ ಕೇಳುತ್ತದೆ. ಅಂದ ಹಾಗೆ, ಯುಗಾದಿ ದೀಪಾವಳಿಯ ‘ಹಬ್ಬ’ಕ್ಕೂ ಈ ‘ಹಬ್ಬು’ಗೂ ಸಂಬಂಧ ಇಲ್ಲ. ಹಬ್ಬ ಬಂದಿದ್ದು ಸಂಸ್ಕೃತದ ‘ಪರ್ವ’ದಿಂದ. ಹಬ್ಬು ದ್ರಾವಿಡದ್ದು, ತಮಿಳಿನ ‘ಪರವು’ ಅದರ ಬಳಗದ್ದು.

‘ಪಸರಿಸು’ ಒಳ್ಳೆಯ ಪದ, ಆದರೆ ಅದಕ್ಕೊಂದು ಮಡಿ ಇದೆ. ಪರಿಮಳ ಪಸರಿಸುತ್ತದೆ, ಕೀರ್ತಿ ಪಸರಿಸುತ್ತದೆ. ಮೋರಿಯ ವಾಸನೆ ಪಸರಿಸುವುದಿಲ್ಲ, ಅದು ಮೂಗಿಗೆ ಹೊಡೆಯುತ್ತದೆ. ಮಾತಿನಲ್ಲಿ ನಾವು ಪರಿಮಳಕ್ಕೂ ಇದನ್ನು ಬಳಸುವುದು ಕಡಿಮೆ. ‘ಮನೆಯೆಲ್ಲ ಘಮ್ ಅಂತಿದೆ’ ಅಂದರೆ ಮುಗಿಯಿತು. ಇದರ ಮೂಲ ಸಂಸ್ಕೃತದ ‘ಪ್ರಸರ’, ಆಕಾಶವಾಣಿಯ ‘ಪ್ರಸಾರ’ವೂ ಅದೇ ಮನೆಯದು. ವಿಜ್ಞಾನದ ಪುಸ್ತಕದ ವಿಸರಣೆ (ಡಿಫ್ಯೂಷನ್), ಅಭಿಸರಣೆ (ಆಸ್ಮೋಸಿಸ್) ಕೂಡ ಅಷ್ಟೆ, ಎಲ್ಲದರಲ್ಲೂ ಚಲಿಸುವ ‘ಸರ’ ಕೂತಿದೆ. ಭರಣಿಯಲ್ಲಿ ಮಿಡಿ ನೀರು ಬಿಟ್ಟಿತ್ತಲ್ಲ, ಅದು ಅಭಿಸರಣೆ. ಉಪ್ಪು ಅದರೊಳಗೆ ಇಳಿದಿದ್ದು ವಿಸರಣೆ. ವಿಜ್ಞಾನದ ಬರಹವಾದರೆ ಹಾಗೇ ಬರೆಯಿರಿ, ಅಲ್ಲಿ ‘ಹಿಡಿ’ ಸಾಲದು.

ಕಷ್ಟ ಬರುವುದು ವಸ್ತು ಅಲ್ಲದ ಕಡೆ. ಜಾತಿ ಸಮಾಜವನ್ನು ‘ಪರ್ಮಿಯೇಟ್’ ಮಾಡಿದೆ ಅಂತ ಇಂಗ್ಲಿಷಿನಲ್ಲಿದ್ದರೆ? ಇಲ್ಲಿ ನಮ್ಮ ನೇಕಾರರು ಕೊಟ್ಟ ಪದ ಇದೆ, ಹಾಸುಹೊಕ್ಕು. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲು ಹಾಸು. ಲಾಳಿ ಅತ್ತಿಂದಿತ್ತ ಓಡಿ ಅಡ್ಡಕ್ಕೆ ಹೊಗಿಸುವ ನೂಲು ಹೊಕ್ಕು. ‘ಜಾತಿ ನಮ್ಮ ಬದುಕಿನಲ್ಲಿ ಹಾಸುಹೊಕ್ಕಾಗಿದೆ.’ ನನ್ನ ಕಣ್ಣಿಗೆ ಇದು ಇಂಗ್ಲಿಷಿಗಿಂತ ಗಟ್ಟಿ ಮಾತು. ‘ಪರ್ಮಿಯೇಟ್’ನಲ್ಲಿ ಮೊದಲೇ ಇದ್ದ ಒಂದು ವಸ್ತುವಿನೊಳಗೆ ಹೊರಗಿನದು ಬಂದು ಸೇರುತ್ತದೆ. ಹಾಸುಹೊಕ್ಕಿನಲ್ಲಿ ಆ ನೂಲೇ ಬಟ್ಟೆ, ಎಳೆ ಕಿತ್ತರೆ ಬಟ್ಟೆ ಉಳಿಯುವುದಿಲ್ಲ. ಅದಕ್ಕೇ ನಿನ್ನೆ ಮೊನ್ನೆ ಬಂದ ಚಾಳಿಗೆ ಇದನ್ನು ಹಾಕಬೇಡಿ, ಅಲ್ಲಿ ‘ನುಸುಳಿದೆ’ ಸಾಕು. ಇನ್ನೊಂದು, ‘ಹಾಸುಹೊಕ್ಕಿದೆ’ ಎಂದು ಬರೆಯುವವರು ಈಗೀಗ ಜಾಸ್ತಿ. ಇದು ನಾಮಪದ, ಜೊತೆಗೆ ‘ಆಗು’ ಬೇಕು.

ಹಾಗಾದರೆ ‘ವ್ಯಾಪಿಸು’ ಎಲ್ಲಿ? ದೊಡ್ಡ ಹರವು ಇರುವ ಕಡೆ. ಪಶ್ಚಿಮ ಘಟ್ಟ ಹಲವು ರಾಜ್ಯಗಳಲ್ಲಿ ವ್ಯಾಪಿಸಿದೆ, ಚಳವಳಿ ನಾಡಿನಾದ್ಯಂತ ವ್ಯಾಪಿಸಿತು. ಪೊಲೀಸ್ ಠಾಣೆಯ ‘ವ್ಯಾಪ್ತಿ’ ನೆನಪಿಟ್ಟುಕೊಳ್ಳಿ, ಪದದ ಅಳತೆ ಗೊತ್ತಾಗುತ್ತದೆ.

ನಿಮ್ಮ ಅಡುಗೆ ವಾಕ್ಯವನ್ನು ಹೀಗೆ ಮಾಡಿ: ‘ಹೋಳುಗಳಿಗೆ ಮಸಾಲೆ ಹಿಡಿಯಲಿ, ಅರ್ಧ ಗಂಟೆ ಹಾಗೇ ಬಿಡಿ.’ ಹೋಳು ಬದನೆಕಾಯಿಯದಾದರೆ ಅರ್ಧ ಗಂಟೆಯೂ ಬೇಡ, ಅದು ಬೇಗ ಹೀರಿಕೊಳ್ಳುತ್ತದೆ.