ಮುರುಗಲು ಕಷಾಯ ಕುಡಿದರೆ ಕೀಮೋ ಬೇಡವೇ?

ಹೊಸನಗರದ ಓದುಗರೇ,

ನಿಮ್ಮ ಅತ್ತಿಗೆಗೆ ಕೀಮೋ ನಡೆಯುತ್ತಿದೆ. ಮುರುಗಲು (ಪುನರ್ಪುಳಿ, ಕೋಕಂ) ಸಿಪ್ಪೆಯಲ್ಲಿರುವ ಯಾವುದೋ ಅಂಶ ಕ್ಯಾನ್ಸರಿನ ಜೀನ್‌ಗಳನ್ನೇ ‘ಆಫ್’ ಮಾಡುತ್ತದಂತೆ, ಆಸ್ಪತ್ರೆ ಬಿಟ್ಟು ದಿನಾ ಅದರ ಕಷಾಯ ಕೊಟ್ಟರೆ ಸಾಲದೇ ಎಂದು ಕೇಳಿದ್ದೀರಿ. ಸಾಲದು. ಕೀಮೋ ನಿಲ್ಲಿಸಬೇಡಿ. ಉಳಿದದ್ದನ್ನು ನಿಧಾನಕ್ಕೆ ಓದಿ.

ನೀವು ಕೇಳಿದ್ದು ಪೂರ್ತಿ ಗಾಳಿಮಾತೇನಲ್ಲ. ಆ ಅಂಶದ ಹೆಸರು ಗಾರ್ಸಿನಾಲ್. ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರು ಸಂಶೋಧನಾ ಕೇಂದ್ರದ ತಪಸ್ ಕುಂಡು ಅವರ ತಂಡವೇ 2004ರಲ್ಲಿ ಇದರ ಕೆಲಸವನ್ನು ತೋರಿಸಿತು. ಜೀವಕೋಶದೊಳಗೆ ಡಿಎನ್‌ಎ, ಹಿಸ್ಟೋನ್ ಎಂಬ ಪ್ರೋಟೀನಿನ ಮೇಲೆ ಉರುಳೆಗೆ ನೂಲು ಸುತ್ತಿದ ಹಾಗೆ ಸುತ್ತಿಕೊಂಡಿರುತ್ತದೆ. ಸುತ್ತು ಬಿಗಿಯಿದ್ದರೆ ಅಲ್ಲಿನ ಜೀನ್ ಸುಮ್ನಿರುತ್ತದೆ. ಪಿ300 ಎಂಬ ಕಿಣ್ವ ಹಿಸ್ಟೋನಿಗೆ ಅಸಿಟೈಲ್ ಎಂಬ ಪುಟ್ಟ ರಾಸಾಯನಿಕ ತುಣುಕನ್ನು ಅಂಟಿಸಿದರೆ ಸುತ್ತು ಸಡಿಲವಾಗಿ ಜೀನ್ ಎಚ್ಚರಗೊಳ್ಳುತ್ತದೆ. ಗಾರ್ಸಿನಾಲ್ ಆ ಕಿಣ್ವಕ್ಕೇ ಅಡ್ಡ ಬರುತ್ತದೆ. ಹೀಲಾ ಎಂಬ ಕ್ಯಾನ್ಸರ್ ಕೋಶಗಳಿಗೆ ಹಾಕಿದಾಗ ಎಷ್ಟೋ ಜೀನ್‌ಗಳು ತಣ್ಣಗಾದವು, ಕೋಶಗಳು ಸತ್ತವು. ಆದರೆ ಅದು ಪ್ರಯೋಗಾಲಯದ ತಟ್ಟೆ. ಪಿ300 ಆರೋಗ್ಯವಂತ ಕೋಶಕ್ಕೂ ಬೇಕು, ಅಲ್ವಾ? ಎಲ್ಲಿ, ಎಷ್ಟು ತಡೆಯಬೇಕು ಎನ್ನುವುದೇ ಕಷ್ಟದ ಪ್ರಶ್ನೆ.

ಇನ್ನು ಕಷಾಯದ ವಿಷಯ. ಮುರುಗಲಿನ ಕೆಂಪು ಆಂಥೋಸಯಾನಿನ್ ಎಂಬ ಬಣ್ಣದ ಅಂಶದ್ದು, ಹುಳಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲದ್ದು. ಗಾರ್ಸಿನಾಲ್ ಹಳದಿ, ನೀರಿಗಿಂತ ಎಣ್ಣೆಗೆ ಒಗ್ಗುವ ಜಾತಿ. ಕಷಾಯ ಎಷ್ಟೇ ಕೆಂಪಗೆ ಕುದಿಯಲಿ, ಅದರಲ್ಲಿ ಗಾರ್ಸಿನಾಲ್ ಇಳಿದಿದೆ ಅಂತಲ್ಲ.

ಗಿಡದಿಂದ ಕ್ಯಾನ್ಸರ್ ಔಷಧ ಬಂದೇ ಇಲ್ಲವೇ? ಬಂದಿದೆ. ಅಂಗಳದ ನಿತ್ಯಪುಷ್ಪದಿಂದ ಬಂದ ವಿನ್‌ಕ್ರಿಸ್ಟೀನ್ ಇವತ್ತಿಗೂ ರಕ್ತದ ಕ್ಯಾನ್ಸರಿಗೆ ಕೊಡುವ ಮದ್ದು. ಒಂದು ಸಲಕ್ಕೆ ಸಾಮಾನ್ಯವಾಗಿ 2 ಮಿಲಿಗ್ರಾಂ ದಾಟಿಸುವುದಿಲ್ಲ, ಜಾಸ್ತಿಯಾದರೆ ನರ ಹಾಳು. ಹಾಗಂತ ನಿತ್ಯಪುಷ್ಪದ ಎಲೆ ಅರೆದು ಕುಡಿಯುವುದು ಔಷಧವಲ್ಲ, ವಿಷ.

ಮುರುಗಲಿನ ದಾಯಾದಿ ಉಪ್ಪಾಗೆಯನ್ನೇ ನೋಡಿ. ಅಡುಗೆಗೆ ನಾವು ಹಾಕುವ ಅದೇ ಹುಳಿಯ ಸಾರ ಹಿಂಡಿ, ತೂಕ ಇಳಿಸುವ ಮಾತ್ರೆಯಾಗಿ ಮಾರಿದರು. ಅದನ್ನು ನುಂಗಿ ಲಿವರ್ ಕೆಟ್ಟವರ ವರದಿಗಳಿವೆ. ಕೀಮೋದಲ್ಲಿ ಲಿವರಿಗೆ ಮೊದಲೇ ಕೆಲಸ ಜಾಸ್ತಿ. ಹಾಗಾಗಿ ಯಾರು ಕೊಟ್ಟರೂ ಇಂಥ ಪುಡಿ, ಮಾತ್ರೆಗಳನ್ನು ಡಾಕ್ಟರಿಗೆ ತೋರಿಸದೆ ಕೊಡಬೇಡಿ. ಬೈತಾರೆ ಅಂತ ಮುಚ್ಚಿಡಲೂಬೇಡಿ.

ಊಟಕ್ಕೆ ಮುರುಗಲು ಸಾರು ಮಾಡಬಹುದಾ ಎಂದೂ ಕೇಳಿದ್ದೀರಿ. ಬಾಯಿ ರುಚಿ ಕೆಟ್ಟಿದ್ದರೆ ತೆಳ್ಳಗೆ ಮಾಡಿಕೊಡಿ. ಬಾಯಲ್ಲಿ ಹುಣ್ಣಿದ್ದರೆ ಹುಳಿ ಉರಿಯುತ್ತದೆ, ಅದು ಮಾಯುವವರೆಗೆ ಗಂಜಿ ಸಾಕು.

- ಸಂಪಾದಕ