‘ಬಂದೆ’ ಅನ್ನುವುದಕ್ಕೆ ಗಂಡು ಹೆಣ್ಣಿಲ್ಲ

ಓದುಗರ ಪತ್ರ:

ಸಂಪಾದಕರಿಗೆ ನಮಸ್ಕಾರ. ನನಗೆ 26 ವರ್ಷ. ಊರು ಹಾವೇರಿ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ಹುಟ್ಟಿದ್ದು ಗಂಡಾಗಿ. ಹೈಸ್ಕೂಲಿನಿಂದಲೂ ಅದು ನನ್ನದಲ್ಲ ಅನ್ನಿಸುತ್ತಿದೆ. ಹಾಗಂತ ಹೆಣ್ಣು ಅಂತ ಹೇಳುವಷ್ಟು ಖಚಿತವೂ ಇಲ್ಲ. ಊರಲ್ಲಿ ಅವ್ವ ಒಬ್ಬರು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಇಪ್ಪತ್ತು ನಿಮಿಷ ಅವ್ವನ ಜೊತೆಗೇ ಮಾತಾಡಿ, ನಿದ್ದೆಗೆ ಮಾತ್ರೆ ಬರೆದು, ಬೇಗ ಮದುವೆ ಮಾಡಿ ಅಂದರು. ಬೆಂಗಳೂರಿನಲ್ಲಿ ಒಬ್ಬರು ಕೌನ್ಸೆಲರ್ ಸಿಕ್ಕರು. ಒಳ್ಳೆಯವರೇ. ಆದರೆ ಎಲ್ಲಾ ಇಂಗ್ಲಿಷ್. ನನಗೆ ಇಂಗ್ಲಿಷಿನಲ್ಲಿ ಆಫೀಸ್ ಮೀಟಿಂಗ್ ಮಾಡೋಕೆ ಬರುತ್ತದೆ, ಇದನ್ನು ಹೇಳೋಕೆ ಬರುವುದಿಲ್ಲ. ಕನ್ನಡದಲ್ಲಿ ಇದಕ್ಕೆ ಪದಗಳೇ ಇಲ್ಲವಲ್ಲ! ಮೊದಲು ನನಗೇ ಖಚಿತವಾಗಲಿ, ಆಮೇಲೆ ಯಾರನ್ನಾದರೂ ಕಾಣೋಣ ಅಂತ ಸುಮ್ಮನಿದ್ದೇನೆ. ಇದು ಸರಿಯೇ?
– ಹೆಸರು ಬೇಡ

ಸಂಪಾದಕರ ಉತ್ತರ:

ಸರಿಯಲ್ಲ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಮಾತಿನ ನಡುವೆ ದಾರಿ ತಪ್ಪುವವನು ಅಂತ ಈ ಪುಟ ಓದುವವರಿಗೆಲ್ಲ ಗೊತ್ತು. ದಾರಿ ಗೊತ್ತಾದ ಮೇಲೆ ದಾರಿ ಕೇಳುವುದು ಯಾತಕ್ಕೆ? ಖಚಿತವಿಲ್ಲದವರಿಗೇ ಅಲ್ವಾ ಕೌನ್ಸೆಲರ್ ಬೇಕಾಗಿರುವುದು?

ಇನ್ನು ನಿಮ್ಮ ಮೇಲಿನ ಜಗಳ. ‘ಕನ್ನಡದಲ್ಲಿ ಪದಗಳೇ ಇಲ್ಲ’ ಅಂದಿರಿ. ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ.

ನಿಮ್ಮ ಪತ್ರವನ್ನು ನೀವೇ ಇನ್ನೊಂದು ಸಲ ಓದಿ. ‘ಅನ್ನಿಸುತ್ತಿದೆ’, ‘ಹೇಳೋಕೆ ಬರುವುದಿಲ್ಲ’, ‘ಸುಮ್ಮನಿದ್ದೇನೆ’. ನಿಮ್ಮ ಬಗ್ಗೆ ನೀವು ಬಳಸಿದ ಒಂದೇ ಒಂದು ಕ್ರಿಯಾಪದವೂ ನೀವು ಗಂಡೋ ಹೆಣ್ಣೋ ಅಂತ ಚಾಡಿ ಹೇಳುವುದಿಲ್ಲ. ‘ಹುಟ್ಟಿದ್ದು ಗಂಡಾಗಿ’ ಅಂತ ಬಾಯಿಬಿಟ್ಟು ಹೇಳದಿದ್ದರೆ ನನಗೆ ಗೊತ್ತೂ ಆಗುತ್ತಿರಲಿಲ್ಲ. ಇದೇ ಪತ್ರವನ್ನು ಹಿಂದಿಯಲ್ಲಿ ಬರೆದಿದ್ದರೆ ಎರಡನೇ ಸಾಲಿಗೇ ಸಿಕ್ಕಿಬೀಳುತ್ತಿದ್ದಿರಿ. ಅಲ್ಲಿ ‘ಹೋಗುತ್ತೇನೆ’ ಅನ್ನಬೇಕಾದರೂ ‘ಜಾತಾ ಹೂಂ’ ಅನ್ನಬೇಕೋ ‘ಜಾತೀ ಹೂಂ’ ಅನ್ನಬೇಕೋ ತೀರ್ಮಾನಿಸಿಕೊಂಡೇ ಬಾಯಿ ತೆರೆಯಬೇಕು. ನಮ್ಮಲ್ಲಿ ‘ಬಂದೆ’ ಅಂದರೆ ಮುಗಿಯಿತು. ಎದುರಿನವರು ‘ಬಂದಿರಾ, ಕೂತ್ಕೊಳ್ಳಿ’ ಅಂದರೆ ಅಲ್ಲೂ ಗಂಡು ಹೆಣ್ಣಿಲ್ಲ. ನಾನು, ನೀನು, ನೀವು ಇರುವವರೆಗೆ ಕನ್ನಡ ಯಾರನ್ನೂ ಕೇಳುವುದಿಲ್ಲ. ಮೂರನೆಯವರು ಬಂದು ನಿಮ್ಮ ಬಗ್ಗೆ ಮಾತಾಡತೊಡಗಿದಾಗಲೇ ‘ಬಂದನು’, ‘ಬಂದಳು’ ಶುರುವಾಗುವುದು. ಅಲ್ಲೂ ಮರ್ಯಾದೆ ಇರುವವರಿಗೆ ‘ಬಂದರು’ ಇದೆ. (ವ್ಯಾಕರಣದ ಮೇಷ್ಟ್ರು ಇದನ್ನೆಲ್ಲ ಉತ್ತಮ ಪುರುಷ, ಮಧ್ಯಮ ಪುರುಷ, ಪ್ರಥಮ ಪುರುಷ ಅಂತ ಕಲಿಸಿದರು. ಮೂವರೂ ಪುರುಷರೇ! ಅದು ಬೇರೆ ಜಗಳ, ಇನ್ನೊಂದು ದಿನಕ್ಕಿರಲಿ.)

ಈಗ ಆ ಡಾಕ್ಟರ ಕೋಣೆಗೆ ಬನ್ನಿ. ಇಪ್ಪತ್ತು ನಿಮಿಷ ಅವರು ಏನು ಕೇಳಿರಬಹುದು? ‘ಇವನಿಗೆ ನಿದ್ದೆ ಬರುತ್ತಾ? ಇವನು ಊಟ ಸರಿಯಾಗಿ ಮಾಡ್ತಾನಾ? ಇವನು ಫ್ರೆಂಡ್ಸ್ ಜೊತೆ ಹೆಂಗಿರ್ತಾನೆ?’ ನೀವು ಪಕ್ಕದ ಸ್ಟೂಲಿನ ಮೇಲೇ ಕೂತಿದ್ದೀರಿ. ನಿಮಗೊಂದು ‘ನೀವು’ ಸಿಗಲಿಲ್ಲ. ನೀವು ಪತ್ರದಲ್ಲಿ ದೂರಿದ್ದು ಮದುವೆಯ ಸಲಹೆಯನ್ನು. ನನಗೆ ಅದಕ್ಕಿಂತ ಜಾಸ್ತಿ ಚುಚ್ಚಿದ್ದು ಈ ‘ಇವನು’.

ಆ ಡಾಕ್ಟರ ಪರವಾಗಿಯೂ ಎರಡು ಮಾತು ಹೇಳಬೇಕು, ಇಲ್ಲದಿದ್ದರೆ ನಾಳೆ ಅವರ ಕಡೆಯಿಂದ ಪತ್ರ ಬರುತ್ತದೆ. ಹೊರಗೆ ಬೆಂಚಿನ ತುಂಬ ಜನ ಕೂತಿರುತ್ತಾರೆ. ನಮ್ಮ ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲ. ಆತುರ ಬೇಡ ಅನ್ನುವುದು ವೈದ್ಯರ ಧರ್ಮವೂ ಹೌದು. ಅವ್ವನಿಗಂತೂ ಭಯ, ಕೇಡು ಬಗೆಯುವ ಮನಸ್ಸಲ್ಲ. ಸರಿ. ಆದರೆ ಆತುರ ಬೇಡ ಅನ್ನಬೇಕಾದವರು ಮದುವೆಗೆ ಮಾತ್ರ ಆತುರ ಮಾಡಿ ಅಂದರಲ್ಲ, ಅದೆಂಥ ವೈದ್ಯ? ಆ ಮನೆಗೆ ಬರುವ ಹುಡುಗಿ ಯಾವ ತಪ್ಪು ಮಾಡಿದ್ದಳು?

ಓದಿಕೊಳ್ಳದೆ ಬರೆದುಕೊಟ್ಟಿದ್ದಾರೆ ಅನ್ನುವುದಕ್ಕೆ ಇಷ್ಟು ಸಾಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ಹೊಸ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಹುಟ್ಟಿದ ಲಿಂಗ ತನ್ನದಲ್ಲ ಅನ್ನಿಸುವ ಈ ವಿಷಯವನ್ನು ಅದರಲ್ಲಿ ಮಾನಸಿಕ ಕಾಯಿಲೆಗಳ ಅಧ್ಯಾಯದಿಂದಲೇ ತೆಗೆದು ಬೇರೆ ಕಡೆ ಇಟ್ಟಿದ್ದಾರೆ. ನಮ್ಮದೇ 2017ರ ಮಾನಸಿಕ ಆರೋಗ್ಯ ಕಾಯ್ದೆ, ಸಮಾಜದ ರೀತಿನೀತಿಗೆ ಹೊಂದುವುದಿಲ್ಲ ಅನ್ನುವ ಕಾರಣಕ್ಕೆ ಯಾರನ್ನೂ ಮಾನಸಿಕ ರೋಗಿ ಅನ್ನುವಂತಿಲ್ಲ ಅನ್ನುತ್ತದೆ. ‘ಸರಿ ಮಾಡಿಕೊಡುತ್ತೇವೆ’ ಅನ್ನುವ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿಯ ದುರ್ನಡತೆ ಎಂದೇ ಸಾರಿತು. ಅದಕ್ಕೆ ಕಾರಣವಾದದ್ದು ಮದ್ರಾಸ್ ಹೈಕೋರ್ಟಿನ ಒಂದು ಕೇಸು. ಅದರ ಕತೆ ನನಗೆ ಬಲು ಇಷ್ಟ. ಒಬ್ಬರನ್ನೊಬ್ಬರು ಪ್ರೀತಿಸಿ, ಮನೆ ಬಿಟ್ಟು ಬಂದು ಒಟ್ಟಿಗಿದ್ದ ಇಬ್ಬರು ಯುವತಿಯರು ರಕ್ಷಣೆ ಕೇಳಿ ಬಂದಿದ್ದರು. ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರು, ಈ ವಿಷಯ ತನಗೇ ಸರಿಯಾಗಿ ತಿಳಿಯದು ಅಂತ ಒಪ್ಪಿಕೊಂಡು, ತಾವೇ ಒಬ್ಬ ಮನಶ್ಶಾಸ್ತ್ರಜ್ಞೆಯ ಎದುರು ಹೋಗಿ ಕೂತರು. 2021ರ ಜೂನಿನಲ್ಲಿ ಕೊಟ್ಟ ಆದೇಶದಲ್ಲಿ ಅದನ್ನು ಮುಚ್ಚಿಡಲಿಲ್ಲ ಕೂಡ. ಗೊತ್ತಿಲ್ಲ ಅಂತ ಹೈಕೋರ್ಟ್ ಜಡ್ಜೇ ಹೇಳಬಹುದಾದರೆ, ಖಚಿತವಿಲ್ಲ ಅಂತ ಹೇಳಲು ನಿಮಗೇನು ಸಂಕೋಚ?

ಈಗ ನನ್ನ ಪಾಪದ ಕತೆ. ಮೂವತ್ತು ವರ್ಷದ ಹಿಂದೆ ಬೇರೊಂದು ಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ಆರೋಗ್ಯದ ಪ್ರಶ್ನೋತ್ತರ ಅಂಕಣ ನನ್ನ ಟೇಬಲ್ಲಿಗೆ ಬರುತ್ತಿತ್ತು. ಒಂದು ದಿನ ನೀಲಿ ಇನ್‌ಲ್ಯಾಂಡ್ ಲೆಟರ್ ಬಂತು. ಒಳಗೆಲ್ಲ ತುಂಬಿ, ಅಂಟು ಹಚ್ಚುವ ಮಡಿಕೆಯ ಮೇಲೂ ಬರೆದಿದ್ದರು. ನಾಲಿಗೆಯಲ್ಲಿ ಒದ್ದೆ ಮಾಡಿ ಅಂಟಿಸಿದ ಜಾಗದಲ್ಲಿ ನಾಲ್ಕು ಅಕ್ಷರ ಕಲಸಿಹೋಗಿತ್ತು. ತಂಗಿಯ ಲಂಗವನ್ನು ಬಚ್ಚಲಮನೆಯಲ್ಲಿ ಉಟ್ಟು ನೋಡಿದ್ದು, ಅಪ್ಪ ಕಂಡದ್ದು, ಆಮೇಲೆ ಆದದ್ದು. ಅಂಕಣಕ್ಕೆ ಜಾಗ ಎಂಟು ಸಾಲು. ನಾನು ಪತ್ರವನ್ನು ಎರಡು ಸಾಲಿಗೆ ಇಳಿಸಿದೆ: ‘ನನಗೆ ಹೆಣ್ಣಿನ ಉಡುಪು ಧರಿಸುವ ಚಟವಿದೆ. ಪರಿಹಾರ ತಿಳಿಸಿ.’ ‘ಚಟ’ ಅನ್ನುವ ಪದ ಆ ಪತ್ರದಲ್ಲಿ ಇರಲೇ ಇಲ್ಲ. ಅದು ನನ್ನದು. ಮದುವೆಯಾದರೆ ಸರಿಹೋಗುತ್ತದೆ, ವ್ಯಾಯಾಮ ಮಾಡಿ ಅಂತ ಉತ್ತರ ಅಚ್ಚಾಯಿತು. ಪ್ರೂಫ್ ನೋಡಿದವನೂ ನಾನೇ, ಒಂದು ಕಾಗುಣಿತದ ತಪ್ಪೂ ಬಿಡಲಿಲ್ಲ.

ಹಾಗಾಗಿ ಕನ್ನಡದಲ್ಲಿ ಪದ ಇಲ್ಲ ಅಂತ ನೀವಂದರೆ ನನಗೆ ಉರಿಯುವುದು ಭಾಷೆಯ ಮೇಲಿನ ಅಭಿಮಾನಕ್ಕೆ ಮಾತ್ರ ಅಲ್ಲ. ಪದ ಇತ್ತು, ನಾವು ಪತ್ರಿಕೆಯವರು ಕತ್ತರಿಸಿದೆವು. ಈಗ ಅದರ ಜಾಗದಲ್ಲಿ ಸರ್ಕಾರಿ ಪದ ತಂದಿದ್ದೇವೆ: ‘ಲಿಂಗತ್ವ ಅಲ್ಪಸಂಖ್ಯಾತರು’. ಅರ್ಜಿ ತುಂಬಲು ಚೆನ್ನ. ಒಲೆ ಮುಂದೆ ರೊಟ್ಟಿ ತಟ್ಟುತ್ತಿರುವ ಅವ್ವನಿಗೆ ‘ಅವ್ವಾ, ನಾನು ಲಿಂಗತ್ವ ಅಲ್ಪಸಂಖ್ಯಾತ’ ಅಂತ ಹೇಳಿ ನೋಡಿ! ‘ಮಂಗಳಮುಖಿ’ ಅನ್ನುವುದು ಹಾರ ಹಾಕಿ ಬಾಗಿಲಾಚೆ ನಿಲ್ಲಿಸುವ ಪದ. ನಿಮಗೆ ಸದ್ಯಕ್ಕೆ ಯಾವುದೂ ಬೇಡ. ‘ನನಗೆ ಹೀಗೆ ಅನ್ನಿಸುತ್ತಿದೆ’ ಅಂದಿರಲ್ಲ, ಅಷ್ಟು ಸಾಕು. ಅನ್ನಿಸುವುದಕ್ಕೆ ಸಾಕ್ಷಿ ಬೇಡ, ಗಡುವೂ ಬೇಡ.

2021ರ ನವೆಂಬರಿನಲ್ಲಿ, ಗಂಡಾಗಿ ಹುಟ್ಟಿ ಜೋಗತಿಯಾದ ಕಲಾವಿದೆ ಮಂಜಮ್ಮ ಜೋಗತಿ ಪದ್ಮಶ್ರೀ ಸ್ವೀಕರಿಸುವಾಗ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ಇಡೀ ಕರ್ನಾಟಕ ನೋಡಿ ಕಣ್ಣೊರೆಸಿಕೊಂಡಿತು. ನಾವೂ ಮುಖಪುಟ ಮಾಡಿದೆವು. ಆಯಮ್ಮ ಬಳ್ಳಾರಿ ಸೀಮೆಯವರು. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಪ್ರಯೋಗ ಮಾಡಿದ್ದೂ ಅದೇ ಬಳ್ಳಾರಿಯಲ್ಲಿ. 1996ರಲ್ಲಿ ಅದನ್ನೇ ಮಾದರಿ ಮಾಡಿಕೊಂಡು ದೇಶದ ಕಾರ್ಯಕ್ರಮ ಹೊರಟಿತು. ಮನಸ್ಸಿನ ಚಿಕಿತ್ಸೆ ಹಳ್ಳಿ ಆಸ್ಪತ್ರೆಗೇ ಬರಬೇಕು ಅನ್ನುವ ಕಲ್ಪನೆ ನಮ್ಮ ನೆಲದ್ದು ಸ್ವಾಮಿ! ಆದರೆ ನಿಮ್ಮಂಥ ಮಕ್ಕಳಿಗೆ ಆಗ ಆ ಸೀಮೆಯಲ್ಲಿ ಇದ್ದದ್ದು ಎರಡೇ ದಾರಿ, ಯಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡು ಜೋಗತಿಯಾಗುವುದು ಇಲ್ಲವೇ ಊರು ಬಿಡುವುದು. ಈಗ ಮೂರನೆಯದೊಂದು ಇದೆ, ಅದು ಇಂಗ್ಲಿಷಿನಲ್ಲಿದೆ. ಮನಶ್ಶಾಸ್ತ್ರದ ಓದು ಇಂಗ್ಲಿಷು, ಪುಸ್ತಕ ಇಂಗ್ಲಿಷು, ಕೌನ್ಸೆಲರ್‌ಗಳ ವೆಬ್‌ಸೈಟು ಇಂಗ್ಲಿಷು. ರಾಜ್ಯೋತ್ಸವಕ್ಕೆ ಬಾವುಟ ಹಿಡಿಯುವವರು, ಆತ್ಮಕ್ಕೆ ಗಂಡು ಹೆಣ್ಣಿಲ್ಲ ಅಂತ ವೇದಿಕೆಯಲ್ಲಿ ವಚನ ಹೇಳಿ ಚಪ್ಪಾಳೆ ತಗೊಳ್ಳುವವರು, ಒಬ್ಬರಾದರೂ ಇದನ್ನು ಕೇಳಿದ್ದಾರಾ? ಅಂಗಡಿ ಬೋರ್ಡಿನ ನೂರಕ್ಕೆ ಅರವತ್ತು ಭಾಗ ಕನ್ನಡ ಇರಬೇಕು ಅಂತ ಕಾನೂನು ಮಾಡಿದೆವು. ಬೋರ್ಡಿನ ಕೆಳಗೆ, ಬಾಗಿಲ ಒಳಗೆ?

ದಾರಿ ತಪ್ಪಿದೆ, ನೋಡಿ. ನಿಮಗೆ ಬೇಕಾದದ್ದು ಕೆಲಸಕ್ಕೆ ಬರುವ ಮಾತು.

ಬೆಂಗಳೂರಿನ ಆ ಕೌನ್ಸೆಲರ್ ಒಳ್ಳೆಯವರು ಅಂದಿರಿ. ಹಾಗಿದ್ದರೆ ಬಿಡಬೇಡಿ. ಮುಂದಿನ ಸಲ ಹೋದಾಗ ‘ನಾನು ಅರ್ಧ ಕನ್ನಡದಲ್ಲಿ ಹೇಳ್ತೀನಿ, ನಡೆಯುತ್ತಾ?’ ಅಂತ ಕೇಳಿ. ಅವರಿಗೆ ಬಾರದಿದ್ದರೆ ಬರುವವರ ಹೆಸರು ಕೇಳಿ. ಈ ವಲಯದವರಿಗೆ ಒಬ್ಬರಿಗೊಬ್ಬರು ಗೊತ್ತಿರುತ್ತಾರೆ. ಲಿಂಗತ್ವ ಅಲ್ಪಸಂಖ್ಯಾತರ ಪರ ಕೆಲಸ ಮಾಡುವ, 1999ರಿಂದ ಇರುವ ಬೆಂಗಳೂರಿನ ‘ಸಂಗಮ’ದಂಥ ಸಂಸ್ಥೆಗಳಲ್ಲಿ ವಿಚಾರಿಸಿದರೂ ಆದೀತು. ತೀರಾ ಕಷ್ಟದ ರಾತ್ರಿಗಳಿಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರು 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಾತ್ರೆ ಇನ್ನೂ ತಗೊಳ್ಳುತ್ತಿದ್ದರೆ ನನ್ನ ಉತ್ತರ ಓದಿ ಏಕಾಏಕಿ ನಿಲ್ಲಿಸಬೇಡಿ, ಬೇರೆ ಮನೋವೈದ್ಯರನ್ನು ಕೇಳಿ ನಿಲ್ಲಿಸಿ.

ಹೊಸಬರ ಹತ್ತಿರ ಹೋಗುವುದಾದರೆ ದುಡ್ಡು ಕಟ್ಟುವ ಮುಂಚೆ ಫೋನಿನಲ್ಲೇ ಕೇಳಿಬಿಡಿ. ಏನು ಓದಿದ್ದೀರಿ? (ನಮ್ಮಲ್ಲಿ ‘ಕೌನ್ಸೆಲರ್’ ಅಂತ ಬೋರ್ಡು ಯಾರು ಬೇಕಾದರೂ ಹಾಕಿಕೊಳ್ಳುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು.) ನನ್ನಂಥವರ ಜೊತೆ ಕೆಲಸ ಮಾಡಿದ್ದೀರಾ? ನನ್ನನ್ನು ಕೇಳದೆ ಮನೆಯವರಿಗೆ ಹೇಳುತ್ತೀರಾ? ಈ ಕೊನೆಯದಕ್ಕೆ ‘ಮನೆಯವರು ಬಂದರೇನೇ’ ಅಂತ ಉತ್ತರ ಬಂದರೆ ಫೋನಿಡಿ. ನಿಮಗೆ 26, ನಿಮ್ಮ ಗುಟ್ಟು ಕಾಯುವುದು ಕಾನೂನಿನ ಪ್ರಕಾರವೇ ಅವರ ಕೆಲಸ. ನಿಮ್ಮನ್ನು ಒಪ್ಪಿಕೊಂಡು ಮಾತಾಡುವವರು ಅಂದರೆ, ‘ನೀನು ಹೆಣ್ಣೇ, ನಡಿ’ ಅಂತ ತಳ್ಳುವವರೂ ಅಲ್ಲ. ನೀವು ಆರು ತಿಂಗಳು ಹೀಗೆ, ಆರು ತಿಂಗಳು ಹಾಗೆ ಅಂದರೂ ಮುಖ ಗಂಟಿಕ್ಕದೆ ಕೂತು ಕೇಳುವವರು.

ಒಂದು ಸೂಕ್ಷ್ಮ ಇದೆ. ದೇಹ ಬದಲಿಸಿಕೊಳ್ಳಲು ಹಾರ್ಮೋನು, ಆಪರೇಷನ್ ಬೇಕೆನ್ನುವವರಿಂದ ಮನೋವೈದ್ಯರ ಪತ್ರ ಕೇಳುತ್ತಾರೆ. ಅದಕ್ಕೇ ಎಷ್ಟೋ ಜನ ಆ ಕುರ್ಚಿಯಲ್ಲಿ ಕೂತು ಇಲ್ಲದ ಖಚಿತತೆಯನ್ನು ಬಾಯಿಪಾಠ ಒಪ್ಪಿಸುತ್ತಾರೆ. ಪತ್ರ ಕೊಡುವವರ ಮುಂದೆ ಅನುಮಾನ ಹೇಳಿಕೊಳ್ಳಲು ಯಾರಿಗೆ ಧೈರ್ಯ ಬರುತ್ತದೆ? ನೀವಿನ್ನೂ ಅಲ್ಲಿಗೆ ಬಂದಿಲ್ಲ. ಆ ಪತ್ರದ ಗೊಡವೆ ಇಲ್ಲದ ಒಬ್ಬರ ಹತ್ತಿರ ಈಗಲೇ ಮಾತಾಡತೊಡಗಿ.

ನಿಮ್ಮ ಪತ್ರ ಅಚ್ಚಾದ್ದರಿಂದ ಒಂದು ಗೌರವ ಪ್ರತಿ ಕಳಿಸಬೇಕು. ಯಾವ ಹೆಸರಿಗೆ ಕಳಿಸಲಿ, ಬರೆಯಿರಿ. ಮುಂದಿನ ತಿಂಗಳು ಬೇರೆ ಹೆಸರು ಅಂದರೂ ನಡೆಯುತ್ತದೆ. ನಮ್ಮ ವಿಳಾಸದ ಚೀಟಿಯಲ್ಲಿ ‘ಶ್ರೀ/ಶ್ರೀಮತಿ’ ಅಂತ ಮೊದಲೇ ಅಚ್ಚಾಗಿರುತ್ತದೆ. ಇನ್ನೂ ಎರಡು ಸಾವಿರ ಚೀಟಿ ಉಳಿದಿವೆಯಂತೆ. ನಿಮ್ಮದರಲ್ಲಿ ಎರಡನ್ನೂ ಪೆನ್ನಿನಲ್ಲಿ ಹೊಡೆದುಹಾಕಲು ಹೇಳಿದ್ದೇನೆ.